ಬಿಟ್ಟು ಓದಿದ ವಾಕ್ಯ

ಅವ್ವನಿಗೆ ಬೈಬಲ್ ಓದಿ ಹೇಳುವ ಕೆಲಸ ನನ್ನ ಕೊರಳಿಗೆ ಬಿದ್ದದ್ದು ನಾನು ಮೂರನೇ ತರಗತಿಯಲ್ಲಿದ್ದಾಗ. ಅಪ್ಪನಿಗೆ ಓದಲು ಬರುತ್ತಿತ್ತು. ಅವನು ಕಾಲುವೆ ಕೆಲಸಕ್ಕೆ ಹೋಗಿ, ಜ್ವರ ಹಚ್ಚಿಕೊಂಡು ಬಂದು, ಹದಿನೈದು ದಿನದಲ್ಲಿ ತೀರಿಕೊಂಡ. ಉಳಿದದ್ದು ಅವನ ಬೈಬಲ್ಲು, ಅಕ್ಷರ ಬಾರದ ಅವ್ವ, ಆಗತಾನೇ ಒತ್ತಕ್ಷರ ಕಲಿತ ನಾನು. ಗಂಗಾವತಿ ಕಡೆಯ ನಮ್ಮೂರಿನಲ್ಲಿ ಕ್ರೈಸ್ತರ ಮನೆಗಳು ಮೂರೇ ಮೂರು. ಆ ಮೂರರಲ್ಲಿ ಓದು ಬರುವ ಪ್ರಾಣಿ ನಾನೊಬ್ಬಳೇ.

ಸಂಜೆ ಅವ್ವ ಕೂಲಿಯಿಂದ ಬಂದು, ಕೈಕಾಲು ತೊಳೆದು, ರೊಟ್ಟಿ ಬಡಿದು ಮುಚ್ಚಿಡುತ್ತಿದ್ದಳು. ಒಂದು ಅಧ್ಯಾಯ ಮುಗಿಯುವ ತನಕ ಆ ರೊಟ್ಟಿ ಮುಟ್ಟುವಂತಿರಲಿಲ್ಲ. ಹೊಟ್ಟೆ ಚುರುಗುಟ್ಟುವಾಗ ಮೂಲಪಿತೃಗಳ ವಂಶಾವಳಿ ಓದಿದವರಿಗಷ್ಟೇ ನನ್ನ ಸಂಕಟ ಗೊತ್ತು.

ಆದರೆ ನಿಜವಾದ ತೊಂದರೆ ಹಸಿವೆಯದಲ್ಲ. ಬೇರೆ ಜನ ವಚನ ಕೇಳಿ ಆಮೆನ್ ಅಂದು ಎದ್ದು ಹೋಗುತ್ತಾರೆ. ನಮ್ಮವ್ವ ಕೇಳಿದ್ದನ್ನು ಮರುದಿನ ಮಾಡುತ್ತಿದ್ದಳು. ಮನಸ್ಸಿಗೆ ನಾಟಿದ ಮಾತು ಬಂದರೆ ಸೆರಗಿನ ತುದಿಗೆ ಒಂದು ಗಂಟು ಹಾಕುವಳು. ಅದನ್ನು ಮಾಡಿ ಮುಗಿಸಿದ ಮೇಲೆಯೇ ಗಂಟು ಬಿಚ್ಚುವುದು. ಎರಡು ಅಂಗಿ ಉಳ್ಳವನು ಇಲ್ಲದವನಿಗೆ ಒಂದನ್ನು ಕೊಡಲಿ ಎಂದು ನಾನು ಓದಿದ ಮರುದಿನವೇ ನನ್ನ ಎರಡನೆಯ ಲಂಗ ಪಕ್ಕದ ಮನೆಯ ಹುಡುಗಿಯ ಮೈಮೇಲಿತ್ತು. ನಾನು ಹಸಿ ಲಂಗ ಉಟ್ಟುಕೊಂಡು ಸಾಲಿಗೆ ಹೋದೆ. ವೈರಿಯನ್ನು ಪ್ರೀತಿಸು ಎಂದು ಓದಿದೆ. ದಿನಾ ನಮ್ಮ ಅಂಗಳಕ್ಕೆ ಕಸ ಚೆಲ್ಲಿ ಬೈಯುತ್ತಿದ್ದ ಹಿಂದಿನ ಮನೆಯವಳಿಗೆ ಅವ್ವ ಬಟ್ಟಲು ತುಂಬ ಪುಂಡಿಪಲ್ಯ ಒಯ್ದು ಕೊಟ್ಟಳು. ಆಕೆ ಬಟ್ಟಲು ಇಸಿದುಕೊಂಡಳು, ಮರುದಿನ ಅಷ್ಟೇ ಗಟ್ಟಿಯಾಗಿ ಬೈದಳು.

ಹೀಗಾಗಿ ನಾನು ಒಂದು ಉಪಾಯ ಕಂಡುಕೊಂಡೆ. ನಮಗೆ ನಷ್ಟ ತರುವಂಥ ವಾಕ್ಯ ಬಂದರೆ ಅದನ್ನು ಬಿಟ್ಟು ಮುಂದಿನದನ್ನು ಓದುವುದು. ದೇವರು ನೋಡುತ್ತಿದ್ದಾನೆ ಎಂಬ ಹೆದರಿಕೆ ಇತ್ತು. ಆದರೆ ದೇವರಿಗೆ ಎಷ್ಟು ಲಂಗಗಳಿದ್ದಾವು ಎಂಬ ಸಿಟ್ಟೂ ಇತ್ತು. ಅವ್ವ ಗುಡಾರ ಹಾಕಿ ನಡೆಸುವ ಪ್ರಾರ್ಥನಾ ಸಭೆಗಳಲ್ಲಿ ಕೇಳಿ ಕೇಳಿ ಎಷ್ಟೋ ವಚನ ಬಾಯಿಪಾಠ ಮಾಡಿದ್ದಳು. ಕೆಲವೊಮ್ಮೆ "ಹಿಂದಕ್ಕ ಹೋಗು" ಅನ್ನುವಳು. ಹೋಗುತ್ತಿದ್ದೆ, ಹಲ್ಲು ಕಡಿಯುತ್ತ.

ಅವ್ವ ಬರೀ ಕೂಲಿಯವಳಲ್ಲ, ಸೂಲಗಿತ್ತಿಯೂ ಹೌದು. ಹೆರಿಗೆ ನೋವು ಎದ್ದರೆ ದೊಡ್ಡ ಮನೆಗಳಲ್ಲಿ ಮಡಿ, ಮೈಲಿಗೆ, ಜಾತಿ ಎಲ್ಲವೂ ಅರೆಗಳಿಗೆ ಹೊರಗೆ ಕೂತು ಅವ್ವನನ್ನು ಒಳಗೆ ಬಿಡುತ್ತಿದ್ದವು. ಸೂತಕದ ದಿನಗಳಲ್ಲಿ ಕೂಸನ್ನು ಮುಟ್ಟಲು ಅವಳ ಕೈಯೇ ಬೇಕು. ಸೂತಕ ಕಳೆದರೆ ಅದೇ ಕೈಗೆ ಹಿತ್ತಲ ಬಾಗಿಲು. ಇದನ್ನು ನಾನು ಈಗ ಸಮಾಧಾನದಿಂದ ಬರೆಯುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು.

ಎಪ್ಪತ್ತರ ದಶಕದ ನಡುವಿನ ಮಾತು, ನನಗಾಗ ಹನ್ನೊಂದು. ನಮ್ಮೂರ ಗೌಡರ ಮಗಳು, ಕುಷ್ಟಗಿಗೆ ಮದುವೆ ಮಾಡಿ ಕೊಟ್ಟಿದ್ದವಳು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣುಕೂಸು ನೀಲಿಯಾಗಿ, ಸದ್ದಿಲ್ಲದೆ ಹುಟ್ಟಿತು. ಮನೆಯವರು ಆಸೆ ಬಿಟ್ಟು ಅಳಲು ಶುರುಮಾಡಿದ್ದರಂತೆ. ಅವ್ವ ಅದರ ಬಾಯೊಳಗೆ ಬೆರಳು ಹಾಕಿ ಲೋಳೆ ತೆಗೆದು, ತಲೆಕೆಳಗಾಗಿ ಹಿಡಿದು, ಬೆನ್ನು ತಟ್ಟಿ ತಟ್ಟಿ ಅಳಿಸಿದಳು. ಆಮೇಲೆ ಎರಡು ತಿಂಗಳು ಅದಕ್ಕೆ ಎಣ್ಣೆ ಹಚ್ಚಿ ನೀರು ಹಾಕಿದವಳೂ ಅವ್ವನೇ.

ಹೆಸರಿಟ್ಟ ದಿನ ಕೂಸಿಗೆ ಬೆಳ್ಳಿಯ ಉಡದಾರ ಹಾಕಿದ್ದರು. ಒಂದು ದಿನ ಮಧ್ಯಾಹ್ನದ ಹೊತ್ತಿಗೆ ನೋಡಿದರೆ ಸೊಂಟದಲ್ಲಿ ಉಡದಾರವಿಲ್ಲ. ಆ ಮುಂಜಾನೆ ಮನೆಗೆ ಬಂದು ಹೋದ ಕೆಲಸದವರು ನಾಲ್ವರು: ರೊಟ್ಟಿ ಬಡಿಯುವಾಕೆ, ನೀರು ತರುವಾಕೆ, ದನದ ಕೊಟ್ಟಿಗೆ ಬಳಿಯುವಾಕೆ ಮತ್ತು ಅವ್ವ. ನಮ್ಮ ಕಡೆ ಇಂಥದಕ್ಕೆ ಪೊಲೀಸರನ್ನು ಕರೆಯುವುದಿಲ್ಲ. ಹನುಮಪ್ಪನ ಗುಡಿಯ ಮುಂದೆ ತುಪ್ಪದ ದೀಪ ಹಚ್ಚಿಡುತ್ತಾರೆ. ನಾನು ತಗೊಂಡಿಲ್ಲ ಎಂದು ದೀಪ ಮುಟ್ಟಿ ಆಣೆ ಮಾಡಿದವರು ಪಾರು. ಸುಳ್ಳು ಆಣೆ ಮಾಡಿದವರನ್ನು ದೇವರು ನೋಡಿಕೊಳ್ಳುತ್ತಾನೆ ಎಂದು ಊರು ತನ್ನ ಪಾಡಿಗೆ ತಾನು ಹೋಗುತ್ತದೆ. ಅವ್ವನ ಹೊರತು ಉಳಿದ ಮೂವರೂ ದೀಪ ಮುಟ್ಟಿದರು.

ಗೌಡರು ಅವ್ವನ ಕಡೆ ತಿರುಗಿದರು. ನ್ಯಾಯವಾಗಿಯೇ ಮಾತಾಡಿದರು, ಅದನ್ನು ಒಪ್ಪುತ್ತೇನೆ.

"ನೋಡವಾ, ನಿಮ್ಮ ದೇವ್ರ ಬ್ಯಾರೆ. ನಮ್ಮ ದೀಪ ಮುಟ್ಟಂತ ನಾ ಅನ್ನೂದಿಲ್ಲ. ನಿಮ್ಮ ಪುಸ್ತಕದ ಮ್ಯಾಲ ಕೈ ಇಟ್ಟು ಆಣಿ ಮಾಡಿಬಿಡು, ಮುಗೀತು."

"ತಗೊಂಡಿಲ್ರಿ ಅಂತ ಹೇಳೀನಲ್ರಿ ಗೌಡ್ರ. ಹೇಳಿದ್ದು ಹೇಳಿದ್ದ. ಆಣಿ ಮಾಡೂದಿಲ್ರಿ."

ಕಟ್ಟೆಯ ಮೇಲಿದ್ದವರೆಲ್ಲ ಗುಸುಗುಸು ಶುರುಮಾಡಿದರು. ಗೌಡರು ಎರಡು ದಿನ ಟೈಮು ಕೊಟ್ಟು, ಗಂಗಾವತಿಯ ನಮ್ಮ ಉಪದೇಶಿಗೆ ಹೇಳಿ ಕಳಿಸಿದರು. ನಮ್ಮ ಪ್ರಾರ್ಥನೆ ನಡೆಸುತ್ತಿದ್ದವರು ಅವರೇ. ಟವೆಲ್ಲಿನಲ್ಲಿ ಸುತ್ತಿದ ದೊಡ್ಡ ಬೈಬಲ್ಲನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದರು. ಅವರ ಮುಖದಲ್ಲಿ ಸ್ವಲ್ಪ ಹಿಗ್ಗೂ ಇತ್ತೆಂದು ನನ್ನ ನೆನಪು. ಗೌಡರು ಕರೆಸಿದ್ದಾರೆ, ನಮ್ಮ ಪುಸ್ತಕಕ್ಕೂ ಬೆಲೆ ಬಂತು ಎಂದು.

"ತಂಗೀ, ಕೋರ್ಟಿನ್ಯಾಗೂ ಇದರ ಮ್ಯಾಲ ಕೈ ಇಡಸ್ತಾರ. ನಮ್ಮವರ ಮರ್ಯಾದಿ ಮಾತಿದು. ಇಟ್ಟುಬಿಡು."

"ಅಣ್ಣಾರ, ಆಣಿ ಮಾಡಬ್ಯಾಡ ಅಂತ ಹೇಳೂ ಪುಸ್ತಕದ ಮ್ಯಾಲನ ಕೈ ಇಟ್ಟು ಆಣಿ ಮಾಡಂತೀರೇನ್ರಿ?" ಅಂದಳು ಅವ್ವ.

ಉಪದೇಶಿಗಳು ಕನ್ನಡಕ ತೆಗೆದು ಒರೆಸತೊಡಗಿದರು. ಗೌಡರು ಅವರನ್ನೊಮ್ಮೆ, ಅವ್ವನನ್ನೊಮ್ಮೆ ನೋಡಿದರು. "ಖರೇನ ಹಂಗ ಬರದೈತೇನು? ಈಕೀ ಮಗಳು ಓದ್ತಾಳಂತಲ್ಲ, ಆಕೀನ ಓದ್ಲಿ" ಅಂದರು.

ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯ. ಒಂದು ತಿಂಗಳ ಹಿಂದೆ ನಾನೇ ಅವ್ವನಿಗೆ ಓದಿ ಹೇಳಿದ್ದೆ. ಆಣೆಯನ್ನೇ ಇಡಬೇಡಿ, ಹೌದಾದರೆ ಹೌದು ಅನ್ನಿ, ಅಲ್ಲವಾದರೆ ಅಲ್ಲ ಅನ್ನಿ, ಅದಕ್ಕಿಂತ ಹೆಚ್ಚಿನದೆಲ್ಲ ಕೆಟ್ಟದ್ದರಿಂದ ಬಂದದ್ದು ಎಂಬ ಮಾತು ಅದು. ಅದರಿಂದ ನಮಗೇನೂ ನಷ್ಟವಿಲ್ಲವೆಂದು ಅವತ್ತು ಬಿಡದೆ ಓದಿದ್ದೆ. ಅವ್ವ ಗಂಟು ಹಾಕಿದ್ದಳು. ಈಗ ಆ ಒಂದು ವಾಕ್ಯ ನಮ್ಮ ಮನೆ ಮುಳುಗಿಸಲು ನಿಂತಿತ್ತು. ಕಳ್ಳಿ ಎಂಬ ಹೆಸರು ಬಂದರೆ ಯಾವ ಮನೆಯ ಬಾಣಂತಿಯೂ ಅವ್ವನನ್ನು ಕರೆಯುವುದಿಲ್ಲ. ಅಷ್ಟು ನನಗೂ ತಿಳಿಯುತ್ತಿತ್ತು.

ಓದಿದೆ. ಗಟ್ಟಿಯಾಗಿಯೇ ಓದಿದೆ. ಆ ಜಾಗ ಬಂದಾಗ ಐದು ವಾಕ್ಯ ಹಾರಿಸಿ, ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು ಎಂಬಲ್ಲಿಗೆ ಹೋದೆ. ಉಪದೇಶಿಗಳಿಗೆ ಗೊತ್ತಾಯಿತು. ಅವರು ನೆಲ ನೋಡುತ್ತ ಸುಮ್ಮನೆ ನಿಂತರು.

"ಎಲ್ಲೈತಿ? ಇಲ್ಲಲ್ಲ?" ಅಂದರು ಗೌಡರು.

ಅವ್ವ ನನ್ನ ಹತ್ತಿರ ಬಂದು ನಿಂತಳು. ಸಿಟ್ಟಿರಲಿಲ್ಲ. "ನಡುವ ಬಿಟ್ಟಿ. ಓದು" ಅಂದಳು.

ಓದಿದೆ. ಅಳುತ್ತ ಓದಿದ್ದರಿಂದ ಎಷ್ಟು ಜನಕ್ಕೆ ಅರ್ಥವಾಯಿತೋ ಗೊತ್ತಿಲ್ಲ, ಗೌಡರಿಗಂತೂ ಆಯಿತು. ಅವರ ಬಾಯಿ ಕಟ್ಟಿತು. ಆದರೆ ಹಿಂದೆ ನಿಂತಿದ್ದ ಅವರ ಹೆಂಡತಿ ಗೌಡಶಾನಿಯ ಬಾಯಿ ಕಟ್ಟಲಿಲ್ಲ.

"ಕಳ್ಳರಿಗೆ ಪುಸ್ತಕ ಛಲೋ ನೆಪ ಆತು ನೋಡು. ನಾಳಿಂದ ನಮ್ಮ ಹಿತ್ತಲಾಗೂ ಕಾಲಿಡಬ್ಯಾಡ."

ಅಲ್ಲಿಗೆ ಮುಗಿಯಿತು. ದೀಪ ಮುಟ್ಟಿದವರು ಸಾಚಾಗಳಾದರು, ಸುಳ್ಳು ಹೇಳಲಾರದವಳು ಕಳ್ಳಿಯಾದಳು. ಅವತ್ತು ರೊಟ್ಟಿ ಹಾಕಿಕೊಡುತ್ತ ಅವ್ವ ಹೇಳಿದ ಮಾತು ನನ್ನ ಎದೆಯಲ್ಲಿ ಇನ್ನೂ ಕೂತಿದೆ.

"ನನ್ನ ಉಳಿಸಾಕ ಬಿಟ್ಟಿ, ಗೊತ್ತೈತಿ. ಆದ್ರ ನನಗ ಅಕ್ಷರ ಬರೂದಿಲ್ಲ. ನೀ ಬಿಟ್ಟದ್ದು ನನ್ನ ಪಾಲಿಗೆ ಇಲ್ಲದಂಗ. ಇಷ್ಟು ದಿನ ಇನ್ನೂ ಎಷ್ಟು ಬಿಟ್ಟೀದಿ?"

ಅವತ್ತಿನಿಂದ ದಿನಾ ಓದು ಮುಗಿದ ಮೇಲೆ ಅವ್ವ "ಏನರ ಬಿಟ್ಟೇನು?" ಎಂದು ಕೇಳತೊಡಗಿದಳು. ವರ್ಷಗಟ್ಟಲೆ ಕೇಳಿದಳು. ಬಿಟ್ಟಿದ್ದರೂ ಬಿಡದಿದ್ದರೂ "ಇಲ್ಲ" ಅನ್ನುತ್ತಿದ್ದೆ. ಪ್ರತಿ ಸಲ ಮೈ ಉರಿಯುತ್ತಿತ್ತು.

ಎರಡು ವರ್ಷ ಊರಿನ ಯಾವ ಮನೆಯೂ ಅವ್ವನನ್ನು ಹೆರಿಗೆಗೆ ಕರೆಯಲಿಲ್ಲ. ಅವ್ವ ಕಾಲುವೆ ಆಚೆ, ಗದ್ದೆ ಮಾಡಲು ಬಂದು ನೆಲೆಸಿದ್ದ ಆಂಧ್ರದವರ ಕ್ಯಾಂಪಿಗೆ ಭತ್ತದ ನಾಟಿ ಹಚ್ಚಲು ಹೋದಳು. ಅಲ್ಲಿನವರಿಗೆ ನಮ್ಮೂರಿನ ದೀಪ, ಆಣೆ ಯಾವುದೂ ಬೇಕಿರಲಿಲ್ಲ, ಸಾಲು ನೆಟ್ಟಗಿದ್ದರೆ ಸಾಕಿತ್ತು. ಪ್ರಾರ್ಥನಾ ಸಭೆಯಲ್ಲೂ ನಮ್ಮವರು ಆಕೆಗೆ ಸೊಕ್ಕು ಎಂದರು. ಆದರೆ ಅವ್ವ ಕ್ಯಾಂಪಿಗೆ ಹೋಗುವಾಗ ಕೇರಿಯ ಹಿಂದಿನ ಹತ್ತಿರದ ದಾರಿ ಹಿಡಿಯಲಿಲ್ಲ. ಗೌಡರ ಮನೆಯ ಮುಂದಿನ ದೊಡ್ಡ ದಾರಿಯಲ್ಲೇ ಹೋಗುತ್ತಿದ್ದಳು, ಹೋಗುವಾಗಲೂ ಬರುವಾಗಲೂ. ನಾನು ನಾಚಿಕೆಯಿಂದ ಹಿಂದೆ ಉಳಿದರೆ "ಮುಂದ ಬಾ. ತಲಿ ತಗ್ಗಸಾಕ ನಾವೇನು ಮಾಡೀವಿ?" ಅನ್ನುವಳು. ಕೊನೆಗೆ ಹೊಟ್ಟೆಯೊಳಗಿನ ಕೂಸುಗಳು ಊರಿನವರ ಮುನಿಸು ಮುಗಿಯುವ ತನಕ ಕಾಯಲಿಲ್ಲವಾಗಿ, ಒಂದೊಂದೇ ಮನೆಯವರು ಬಂದರು. ಗೌಡರ ಮನೆಯೊಂದು ಬಿಟ್ಟು.

ಆ ಆಣೆಯ ದಿನದಿಂದ ಎಂಟು ವರ್ಷ ಕಳೆಯಿತು. ನಾನು ಟೀಚರ್ ಆಗಿ ಯಲಬುರ್ಗಾ ತಾಲೂಕಿನ ಒಂದು ಸಾಲಿಯಲ್ಲಿದ್ದೆ. ರಜೆಗೆ ಊರಿಗೆ ಬಂದಿದ್ದಾಗ ಗೌಡರ ಮನೆಯಿಂದ ಆಳು ಬಂದ, ಅವ್ವ ಕೂಡಲೇ ಬರಬೇಕಂತೆ. ಕುಷ್ಟಗಿಯ ಅಳಿಯ ತೀರಿಕೊಂಡಿದ್ದ. ಹೆಣ್ಣುಮಗುವಿಗೂ ಅಪ್ಪನ ಹೊಲದಲ್ಲಿ ಪಾಲು ಬರುತ್ತದೆ ಎಂದು ತಿಳಿದ ಅವನ ಅಣ್ಣತಮ್ಮಂದಿರು ಹೊಸ ಮಾತು ತೆಗೆದಿದ್ದರು. ಹುಟ್ಟಿದ ಕೂಸು ಅಳಲೇ ಇಲ್ಲವಂತೆ, ಅದು ಸತ್ತಿದ್ದಂತೆ, ಇದು ತವರಿನವರು ಎಲ್ಲಿಂದಲೋ ತಂದಿಟ್ಟ ಕೂಸಂತೆ. ಅವರ ಹಿರಿಯರು ಬಂದು ಪಡಸಾಲೆಯಲ್ಲಿ ಕೂತಿದ್ದರು. ಹೆರಿಗೆ ಮಾಡಿದ್ದು ಅವ್ವ. ಅವ್ವನ ಮಾತಿಲ್ಲದೆ ಆ ಹುಡುಗಿಗೆ ಗತಿಯಿಲ್ಲ.

ನನಗೆ ಹಬ್ಬವಾಯಿತು. ಸುಳ್ಳೇಕೆ ಹೇಳಲಿ? "ಮೊದಲ ಆ ಗೌಡಶಾನಿ ಕಡಿಂದ ತಪ್ಪಾತು ಅನಸು. ಆಮ್ಯಾಲ ಬಾಯಿ ಬಿಡು" ಅಂದೆ.

ಅವ್ವ ಸೆರಗು ಹೊದ್ದುಕೊಳ್ಳುತ್ತಿದ್ದವಳು ನಿಂತಳು. "ಹಂಗ ಮಾಡಿದ್ರ ಅದು ವ್ಯಾಪಾರ ಆಕ್ಕೈತಿ. ಅದು ಹೌದು ಅನ್ನೂದಲ್ಲ" ಅಂದಳು.

ಮುಂದಿನ ಬಾಗಿಲಿನಿಂದ ಒಳಗೆ ಹೋದೆವು, ಮೊದಲ ಸಲ. ಎಂಟು ವರ್ಷದ ಹುಡುಗಿ ತಾಯಿಯ ಬೆನ್ನಿಗೆ ಅಂಟಿ ನಿಂತಿದ್ದಳು. ಪಟಗ ಸುತ್ತಿದ ಹಿರಿಯನೊಬ್ಬ ಕೇಳಿದ, "ಅವತ್ತು ಹುಟ್ಟಿದ ಕೂಸು ಇದ ಏನು?"

"ಹೌದ್ರಿ. ನೀಲಿ ಆಗಿ ಬಂದಿತ್ತು. ನಾನ ಅಳಿಸೀನಿ. ಎರಡು ತಿಂಗಳು ನೀರು ಹಾಕೀನಿ. ಎಡಗಿವಿ ಹಿಂದ ಕರಿ ಮಚ್ಚಿ ಐತಿ, ನೋಡ್ರಿ."

ಮಚ್ಚೆ ಇತ್ತು. ಹಿರಿಯ ಅದನ್ನು ನೋಡಿಯೂ "ಆಣಿ ಮಾಡು" ಅಂದ.

"ಆಣಿ ಮಾಡೂದಿಲ್ರಿ. ಹೌದು ಅಂದೀನಲ್ರಿ."

ಅವನು ನಕ್ಕ. ಗೌಡರ ಕಡೆ ತಿರುಗಿ, "ಈಕೀನ ಅಲ್ಲೇನ್ರಿ ನಿಮ್ಮನ್ಯಾಗ ಉಡದಾರ ಕದ್ದಾಕಿ? ನೀವ ಕಳ್ಳಿ ಅಂದಾಕಿ ಮಾತು ನಾವ್ಯಾಂಗ ನಂಬೂದ್ರಿ?" ಅಂದ.

ಗೌಡರು ತಲೆ ತಗ್ಗಿಸಿದರು. ಆಗ ಕಂಬದ ಮರೆಯಿಂದ ಗೌಡಶಾನಿ ಎದ್ದು ನಡುವೆ ಬಂದಳು. ಮುದುಕಿಯಾಗಿದ್ದಳು.

"ಆಕಿ ಆಣಿ ಮಾಡೂದಿಲ್ರಿ. ಅವತ್ತೂ ಮಾಡ್ಲಿಲ್ಲ. ಕದ್ದಿದ್ರ ಅವತ್ತ ಆಣಿ ಮಾಡಿ ಪಾರಾಗಿರ್ತಿದ್ಲು."

ಪಟಗದ ಹಿರಿಯ ಹುಡುಗಿಯ ಎಡಗಿವಿಯನ್ನು ಇನ್ನೊಮ್ಮೆ ನೋಡಿದ. ಕುಷ್ಟಗಿಯವರು ಚಹಾ ಕುಡಿದು ಎದ್ದರು. ಮಗು ಯಾರದೆಂಬ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಹುಡುಗಿ ಅಪ್ಪನ ಮನೆಯ ಮಗಳಾಗಿಯೇ ಉಳಿದಳು.

ಆದರೆ ನನ್ನ ಹೊಟ್ಟೆಯೊಳಗೆ ಬೆಂಕಿ ಬಿದ್ದದ್ದು ಆಗಲೇ. ಹಾಗಾದರೆ ಈ ಹೆಂಗಸಿಗೆ ಗೊತ್ತಿತ್ತು! ಅವ್ವ ಕಳ್ಳಿಯಲ್ಲ ಎಂದು ಗೊತ್ತಿದ್ದೂ ಎಂಟು ವರ್ಷ ಸುಮ್ಮನಿದ್ದಳು. ನಾವು ಆ ಮನೆಯ ಮುಂದೆ ದಿನಾ ಹಾದು ಹೋಗುವಾಗ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ತನ್ನ ಮೊಮ್ಮಗಳ ಪಾಲು ಹೋಗುವ ಹೊತ್ತಿಗೆ ಬಾಯಿ ಬಂತು. ಅವತ್ತೂ ತಪ್ಪಾಯಿತು ಅನ್ನಲಿಲ್ಲ. ಅವ್ವ ಹೊರಡುವಾಗ ಎರಡು ಸೇರು ಜೋಳ ತಂದು ಮುಂದಿಟ್ಟಳು. ಅವ್ವ ಮುಟ್ಟಲಿಲ್ಲ. "ಹುಡುಗಿ ಛಲೋ ಬೆಳದೈತ್ರಿ" ಎಂದಷ್ಟೇ ಹೇಳಿ ಬಂದಳು.

ಆ ಸಂಜೆ ಓದಿನ ಸರದಿಯಲ್ಲಿ ಬಂದದ್ದು ಮತ್ತಾಯನ ಹದಿನೆಂಟನೆಯ ಅಧ್ಯಾಯ. ತಪ್ಪು ಮಾಡಿದವನನ್ನು ಏಳು ಸಲವಲ್ಲ, ಎಪ್ಪತ್ತೇಳು ಸಲ ಕ್ಷಮಿಸು ಎಂಬ ಜಾಗಕ್ಕೆ ಬಂದೆ. ನನ್ನ ನಾಲಿಗೆ ಏಳಲಿಲ್ಲ. ಅದನ್ನು ಬಿಟ್ಟು ಮುಂದಿನದನ್ನು ಓದಿ, ಪುಸ್ತಕ ಮುಚ್ಚಿದೆ. ಅವ್ವ ಎಂದಿನಂತೆ ಕೇಳಿದಳು.

"ಏನರ ಬಿಟ್ಟೇನು?"

"ಹೌದು, ಬಿಟ್ಟೀನಿ" ಅಂದೆ. "ಅದು ನನ್ನಿಂದ ಆಗೂದಿಲ್ಲ. ಬೇಕಂದ್ರ ಬ್ಯಾರೆಯವರ ಕಡಿಂದ ಓದಿಸಿಕೊ."

ಅವ್ವ ರೊಟ್ಟಿಯ ಬುಟ್ಟಿ ನನ್ನ ಕಡೆ ಸರಿಸಿದಳು.

"ಇಷ್ಟು ವರ್ಷ ಇಲ್ಲ ಅಂತಿದ್ದಿ. ಇವತ್ತು ಹೌದು ಅಂದಿ. ಇವತ್ತಿಗೆ ಅಷ್ಟ ಸಾಕು, ಉಣ್ಣು."