ಬಲಬದಿಯ ಕಿಸೆ

ನಾನು ನಿಮಗೆ ಸುಳ್ಳು ಹೇಳಿದೆ, ಜೆಸಿಂತಾ ಬಾಯಿ. ನಿಮ್ಮ ತಂದೆ ಮಾರ್ಸೆಲ್ ಊದುತ್ತಿದ್ದ ಟ್ಯೂಬಾ ಯಾವುದು, ಎಲ್ಲಿ ತಯಾರಾದದ್ದು, ಈಗ ಎಲ್ಲಿದೆ — ಎಲ್ಲವೂ ನನಗೆ ಗೊತ್ತಿತ್ತು. ನೀವು ಉತ್ತರ ಕೇಳಲು ಬಂದ ದಿನ ಅದು ಅಂಬಲಪಾಡಿಯ ನನ್ನ ಮನೆಯ ಚಾವಡಿಯಲ್ಲಿ, ನೀವು ಕುಳಿತ ಕುರ್ಚಿಯ ಹಿಂದೆಯೇ ನಿಂತಿತ್ತು.

ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಬರೆಯದಿದ್ದರೆ ನನ್ನ ನೆನಪು ತನಗೆ ಹಿತವಾದ ಕಡೆ ಸರಿದು ಕೂರುತ್ತದೆ — ಈಗಾಗಲೇ ಸರಿದಿದೆ. ನೀವು ಕಳಿಸಿದ ಆ ಫೋಟೋವನ್ನು ನೆನೆದರೆ ನಿಮ್ಮ ತಂದೆಯ ಹಿಂದೆ ಕಾಪುವಿನ ದೀಪಸ್ತಂಭ ಕಾಣುತ್ತದೆ. ಸುತ್ತ ಬೆಳಗಿನ ಮಂಜು, ಮಂಜಿನೊಳಗೆ ಹಿತ್ತಾಳೆಯ ಹಳದಿ. ಮೊಬೈಲಿನಲ್ಲಿರುವ ಚಿತ್ರವನ್ನು ತೆರೆದರೆ ದೀಪಸ್ತಂಭವೂ ಇಲ್ಲ, ಹಳದಿಯೂ ಇಲ್ಲ. ಕಪ್ಪು ಬಿಳುಪು. ಇಗರ್ಜಿಯ ಗೋಡೆ, ಒಂದು ಕುರ್ಚಿ, ತನ್ನಷ್ಟೇ ದೊಡ್ಡ ವಾದ್ಯವನ್ನು ಮಡಿಲಲ್ಲಿಟ್ಟುಕೊಂಡ ತರುಣ. ಹಾಗಾಗಿ ಈ ಬರಹದಲ್ಲಿ ಎಲ್ಲಾದರೂ ಬೆಳಕು ತುಂಬ ಚೆಂದವಾಗಿ ಬಿದ್ದಿದೆ ಅನ್ನಿಸಿದರೆ, ಅಲ್ಲಿ ನನ್ನನ್ನು ನಂಬಬೇಡಿ.

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನನಗೆ ಹಳೆಯ ಹಿತ್ತಾಳೆ ವಾದ್ಯಗಳ ಹುಚ್ಚು ಹಿಡಿದದ್ದು ಹೇಗೆಂಬುದು ಇಲ್ಲಿ ಬೇಡ. ಹಿಡಿದಿತ್ತು. ಎಲ್ಲೆಲ್ಲಿಂದಲೋ ಫೋಟೋ ಕಳಿಸಿ, ಇದು ಯಾವ ಕಂಪೆನಿಯದು, ಯಾವ ಮಾದರಿ ಎಂದು ಜನ ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ವಾಲ್ವುಗಳು ಮೇಲಿವೆಯೋ ಮುಂದಿವೆಯೋ, ಕೊಳವೆ ಎಲ್ಲಿ ತಿರುಗುತ್ತದೆ, ಬಾಯಂಚಿನ ಬಳೆ ಎಷ್ಟು ದಪ್ಪ — ಇಷ್ಟು ಕಂಡರೆ ಸಾಕು, ಹೆಸರು ತಾನಾಗಿ ಬರುತ್ತಿತ್ತು. ತಪ್ಪಿದ್ದು ಕಡಿಮೆ. ಅದೇ ನನ್ನ ಅಹಂಕಾರವೂ ಆಗಿತ್ತು.

ಕಾರ್ಕಳದ ಒಂದು ಗುಜರಿ ಅಂಗಡಿಯಲ್ಲಿ, ಹಳೆಯ ನೀರಿನ ಹಂಡೆಗಳ ನಡುವೆ ನನಗೆ ಆ ಟ್ಯೂಬಾ ಸಿಕ್ಕಿತ್ತು. ಬ್ಯಾಂಡಿನವರು ಅದನ್ನು ಬೇಸ್ ಎನ್ನುತ್ತಾರೆ. ಲಂಡನ್ನಿನಲ್ಲಿ ತಯಾರಾದ ಮೂರು ವಾಲ್ವಿನ ಇ-ಫ್ಲಾಟ್ ಬೇಸ್. ಈ ಕರಾವಳಿಯಲ್ಲಿ ಅಂಥದ್ದನ್ನು ನಾನು ಬೇರೆ ಕಂಡಿಲ್ಲ. ಬಾಯಿಯ ಪಕ್ಕದಲ್ಲಿ, ಬಿದಿಗೆಯ ಚಂದ್ರನ ಆಕಾರದ ತೇಪೆಯೊಂದನ್ನು ಯಾರೋ ಬೆಸೆದಿದ್ದರು. ‘ತೀರಿಹೋದ ಬ್ಯಾಂಡ್ ಮಾಸ್ಟರರ ಅಟ್ಟದಲ್ಲಿ, ಬ್ಯಾಂಡ್ ಒಡೆದಾಗಿನಿಂದ ಇತ್ತಂತೆ, ಅವರ ಮನೆಯವರೇ ತಂದು ಹಾಕಿದ್ದು’ ಎಂದು ಅಂಗಡಿಯವನು ಹೇಳಿದ್ದ. ಈ ಮಾತು ನನಗೆ ಸ್ಪಷ್ಟವಾಗಿ ನೆನಪಿದೆ. ಇದನ್ನು ಮಾತ್ರ ಮರೆತಿದ್ದೇನೆ ಎಂದು ಹೇಳಲು ನನಗೆ ಹಕ್ಕಿಲ್ಲ.

ಸಂಜೆ ಅದನ್ನು ಊದಲು ಕಲಿತೆ. ಅತಿ ಕೆಳಗಿನ ಸ್ವರಕ್ಕೆ ಕಿಟಕಿಯ ಗಾಜು ನಡುಗುತ್ತಿತ್ತು; ನೆಲವೇ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ — ನಾನು ಊದುತ್ತಿದ್ದೇನೋ, ಅದು ನನ್ನನ್ನು ಉಸಿರಾಡುತ್ತಿದೆಯೋ ತಿಳಿಯುತ್ತಿರಲಿಲ್ಲ.

ಆಗ ನಿಮ್ಮ ಫೋಟೋ ಬಂತು. ಜೊತೆಗೆ ನಿಮ್ಮ ದನಿ: ‘ಪಪ್ಪನ ಬೇಸ್ ಯಾವುದು ಅಂತ ಹೇಳ್ಬಹುದಾ ಸರ್? ಬ್ಯಾಂಡ್ ಒಡೆದಾಗ ಅದು ಕಾಣೆಯಾಯ್ತು. ಪಪ್ಪನೇ ಕದ್ದು ಮಾರಿದ್ದು ಅಂತ ಬ್ಯಾಂಡಿನವರೆಲ್ಲ ಮಾತು ಬಿಟ್ಟಿದ್ದಾರೆ. ಎಲ್ಲಾದರೂ ಸಿಕ್ಕಿದರೆ ಯಾರ ಕೈಯಿಂದ ಬಂತು ಅಂತ ಕೇಳಬಹುದಲ್ವಾ? ಪಪ್ಪ ಇರುವಾಗಲೇ...’

ಚಿತ್ರದಲ್ಲಿ ಎಲ್ಲವೂ ವಿಚಿತ್ರವಾಗಿತ್ತು. ಕೊಳವೆಗಳು ತಿರುಗಬಾರದ ಕಡೆ ತಿರುಗಿದ್ದವು. ವಾಲ್ವುಗಳ ಮೇಲೆ ಎಡಗೈ. ಇಂಥ ಮಾದರಿಯನ್ನು ಯಾರೂ ಮಾಡಿಲ್ಲವಲ್ಲ ಎಂದುಕೊಳ್ಳುತ್ತಿರುವಾಗ ನಿಮ್ಮ ತಂದೆಯ ಅಂಗಿಯನ್ನು ನೋಡಿದೆ. ಕಿಸೆ ಬಲಬದಿಯಲ್ಲಿತ್ತು. ಯಾವ ದರ್ಜಿ ಗಂಡಸಿನ ಅಂಗಿಗೆ ಬಲಬದಿಯಲ್ಲಿ ಕಿಸೆ ಹೊಲಿಯುತ್ತಾನೆ? ಸ್ಟುಡಿಯೋದವನು ನೆಗೆಟಿವನ್ನು ಹಿಂದುಮುಂದಾಗಿಟ್ಟು ಪ್ರಿಂಟ್ ಹಾಕಿದ್ದ, ಅಷ್ಟೇ. ನಾನು ಮೊಬೈಲಿನಲ್ಲಿ ಚಿತ್ರದ ಎಡಬಲಗಳನ್ನು ಕನ್ನಡಿಯಲ್ಲಿ ಕಂಡಂತೆ ಅದಲುಬದಲು ಮಾಡಿದೆ. ಕಿಸೆ ಎದೆಯ ಎಡಕ್ಕೆ ಬಂತು. ಎಡಗೈ ಬಲಗೈಯಾಯಿತು. ಬಿದಿಗೆಯ ಚಂದ್ರ ತನ್ನ ಜಾಗಕ್ಕೆ ಬಂದು ನಿಂತ. ನನ್ನ ಚಾವಡಿಯ ಮೂಲೆಯಲ್ಲಿದ್ದ ವಾದ್ಯ ಎದ್ದು ಹೋಗಿ ನಿಮ್ಮ ತಂದೆಯ ಮಡಿಲಲ್ಲಿ ಕುಳಿತಿತ್ತು.

ಅಲ್ಲಿಂದ ನೀವು ಬಂದ ಭಾನುವಾರದವರೆಗೆ ನಾನು ಏನು ಯೋಚಿಸಿದೆ? ಗೊತ್ತಿಲ್ಲ. ಹಿಂದಿರುಗಿಸಬೇಕೆಂದು ಹೊರಟಿದ್ದೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ — ಅದು ಆಮೇಲೆ ನಾನೇ ಹೆಣೆದುಕೊಂಡದ್ದು ಇರಬೇಕು. ಅದನ್ನು ಬಚ್ಚಿಡಲಿಲ್ಲವೆಂಬುದು ಮಾತ್ರ ನಿಜ. ಸಿಕ್ಕಿಬೀಳಲು ಬಯಸಿದ್ದೆನೇ, ಅಥವಾ ನಿಮ್ಮ ಕಣ್ಣೆದುರೇ ಗೆಲ್ಲಬಲ್ಲೆನೆಂಬ ಸೊಕ್ಕೇ...

ನೀವು ನೋಡಿಯೇ ಬಿಟ್ಟಿರಿ. ‘ಪಪ್ಪನದ್ದು ಹೀಗೆಯೇ ಉಂಟಲ್ವಾ ಸರ್? ಈ ತೇಪೆ ಸಮೇತ!’ ಎಂದು ಎದ್ದು ನಿಂತಿರಿ. ನಿಮ್ಮ ಮುಖದಲ್ಲಿ ಆಗ ಮೂಡಿದ್ದನ್ನು ನಾನು ಬರೆಯಲಾರೆ.

‘ಸರಿಯಾಗಿ ನೋಡಿ ಬಾಯಿ’ ಎಂದೆ. ‘ಇದರ ತೇಪೆ ಈ ಬದಿಗೆ, ಫೋಟೋದಲ್ಲಿ ಆ ಬದಿಗೆ. ನಿಮ್ಮ ತಂದೆಯದ್ದು ಎಡಗೈಯವರಿಗೆಂದು ಮೀರತ್‌ನಲ್ಲಿ ಮಾಡಿದ ನಕಲು. ಅಂಥವು ಬೇಕಾದಷ್ಟು ಇದ್ದವು, ಎಲ್ಲ ಕರಗಿಸಿ ಆಯಿತು.’

‘ನಕಲಾ? ಲಂಡನ್ನಿನದ್ದು ಅಂತ ಪಪ್ಪ ಊರಿಡೀ ಹೇಳಿಕೊಂಡು ತಿರುಗ್ತಿದ್ರು ಮಾರಾಯ್ರೇ!’ — ನೀವು ನಕ್ಕಿರಿ. ನಾನೂ ನಕ್ಕೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರಿಯ ಕಳ್ಳನಾಗಿರುತ್ತಿದ್ದೆ. ಎರಡು ದಿನ ಬಿಟ್ಟು ಮಣಿಪಾಲದ ಆಸ್ಪತ್ರೆಯಿಂದ, ನಿಮ್ಮ ನರ್ಸಿಂಗ್ ಕೆಲಸದ ನಡುವೆ, ಫೋನ್ ಮಾಡಿದಿರಿ. ‘ಎಡಗೈಯಲ್ಲಿ ನಾನು ಊದಿದ್ದೇ ಇಲ್ಲ ಅಂತ ಪಪ್ಪ ಹಟ ಹಿಡಿದಿದ್ದಾರೆ ಸರ್. ಫೋಟೋ ತೋರಿಸಿದರೆ ಕೈ ನೋಡ್ತಾ ಕೂತಿದ್ದಾರೆ. ಒಮ್ಮೆ ಈ ಕೈ, ಒಮ್ಮೆ ಆ ಕೈ. ಎಂತ ಹೇಳುವುದು?’

ನಾನು ಹೇಳಿದೆ: ‘ವಯಸ್ಸಾದ ಮೇಲೆ ನೆನಪು ಹಾಗೆಯೇ, ಬಾಯಿ. ಫೋಟೋ ಸುಳ್ಳು ಹೇಳುವುದಿಲ್ಲ.’

ನೆನಪನ್ನು ಜೀವಮಾನವಿಡೀ ನಂಬದ ನಾನು ಇನ್ನೊಬ್ಬನ ನೆನಪಿನ ಮೇಲೆ ಈ ಮಾತನ್ನು ಹೇರಿದೆ — ಅದೂ, ಅವರ ನೆನಪು ಸರಿ ಎಂದು ನನಗೆ ಚೆನ್ನಾಗಿ ಗೊತ್ತಿದ್ದಾಗ. ಆಮೇಲೆ ಅವರು ಬ್ಯಾಂಡಿನ ಮಾತೇ ಎತ್ತುವುದಿಲ್ಲವೆಂದು ನೀವು ಹೇಳಿದಿರಿ. ಮಾರಿದ್ದು ತಾನೇ ಇರಬಹುದೋ ಏನೋ, ಮರೆತಿರಬಹುದು ಎಂದು ಒಂದು ಮಧ್ಯಾಹ್ನ ಹೇಳಿದರಂತೆ. ನಾನು ಫೋನ್ ಕೆಳಗಿಟ್ಟು, ಅಂದು ಸಂಜೆಯೂ ಅವರ ಬೇಸ್ ಊದಿದೆ.

ಅವರ ಅಂತಿಮಯಾತ್ರೆಗೆ ಕಾಪುವಿಗೆ ಬಂದಿದ್ದೆ. ಶವಪೆಟ್ಟಿಗೆಯ ಮುಂದೆ ಬಾಡಿಗೆಯ ಬ್ಯಾಂಡೊಂದು ಮೆಲ್ಲಗೆ ನಡೆಯುತ್ತಿತ್ತು. ಕಹಳೆಗಳಿದ್ದವು, ಡೋಲಿತ್ತು, ಬೇಸ್ ಇರಲಿಲ್ಲ. ಆ ಕೀರ್ತನೆ ನೆಲ ಮುಟ್ಟದೆ ಮೊಣಕಾಲೆತ್ತರದಲ್ಲಿ ತೇಲುತ್ತಿದ್ದಂತೆ, ನಾವೆಲ್ಲರೂ ಕಾಲಿಲ್ಲದೆ ಅದರ ಹಿಂದೆ ಹೋಗುತ್ತಿದ್ದಂತೆ ನನಗೆ ಅನ್ನಿಸಿತು. ಪಕ್ಕದಲ್ಲಿ ಬರುತ್ತಿದ್ದ ಮುದುಕರು, ನಿಮ್ಮ ತಂದೆಯ ಹಳೆಯ ಬ್ಯಾಂಡಿನ ಲಾದ್ರು, ಯಾರಿಗೋ ಹೇಳಿದರು: ‘ಬೇಸ್ ಇಲ್ಲದೆ ಎಂತ ಚೆಂದ ಮಾರಾಯ? ಅವನೇ ಮಾರಿ ತಿಂದ, ಈಗ ಅವನಿಗೇ ಇಲ್ಲ.’

ಇಬ್ಬರು ನಕ್ಕರು. ನೀವು ಮುಂದೆ, ಪೆಟ್ಟಿಗೆಯ ಪಕ್ಕದಲ್ಲಿದ್ದಿರಿ. ನಿಮ್ಮ ತಲೆ ಸ್ವಲ್ಪ ತಗ್ಗಿತು — ಕೇಳಿಸಿತ್ತೇ? ನನಗಂತೂ ಕೇಳಿಸಿತ್ತು. ನಾನು ಉಳಿದವರ ಜೊತೆ ನಡೆಯುತ್ತಲೇ ಹೋದೆ.

ಈ ವಾರ ಕಾರ್ಕಳದಲ್ಲಿರುವ ಲಾದ್ರು ಅವರ ಮನೆಗೆ ಹೋಗಿ ಅವರ ಮುಂದೆ ಬೇಸ್ ಇಟ್ಟೆ. ಗುಜರಿಯವನು ಹೇಳಿದ್ದು, ಮಾಸ್ಟರರ ಅಟ್ಟ, ಹಿಂದುಮುಂದಾದ ಫೋಟೋ, ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಆ ತೇಪೆಯ ಮೇಲೆ ಹೆಬ್ಬೆರಳು ಉಜ್ಜುತ್ತಿದ್ದರು.

‘ಅವ ಬಲಗೈಯಲ್ಲೇ ಊದ್ತಿದ್ದ’ ಎಂದರು. ‘ಅವನ ಪಕ್ಕದಲ್ಲಿ ನಿಂತವ ನಾನು. ಮಗಳು ಬಂದು ಒಂದು ಮಾತು ಕೇಳಿದ್ದರೆ ಹೇಳ್ತಿದ್ದೆ.’ ಮತ್ತೆ ತಾವೇ, ‘ಹೇಗೆ ಕೇಳ್ತಾಳೆ? ನಾವು ಅವರೊಟ್ಟಿಗೆ ಮಾತೇ ಬಿಟ್ಟಿದ್ದೆವಲ್ಲ’ ಎಂದರು. ನಂತರ ನನ್ನ ಕಡೆ ನೋಡದೆ: ‘ನೀವು ಓದಿದವರು ಸರ್. ನನಗೆ ಎಂತಕ್ಕೆ ಹೇಳ್ಲಿಕ್ಕೆ ಬಂದದ್ದು? ಅವನಿಗೆ ಹೇಳ್ಬೇಕಿತ್ತು.’

‘ಭಾನುವಾರ ಎಲ್ಲರ ಎದುರು ಹೇಳುತ್ತೇನೆ, ನೀವೂ ಬನ್ನಿ’ ಎಂದೆ.

ಭಾನುವಾರ ಬಲಿಪೂಜೆ ಮುಗಿದ ಮೇಲೆ ಲಾದ್ರು ಕಾಪುವಿಗೆ ಬರುತ್ತಾರೆ. ಬ್ಯಾಂಡಿನಲ್ಲಿ ಉಳಿದಿರುವವರನ್ನೂ ಕರೆತರುತ್ತಾರೆ. ಇಗರ್ಜಿಯ ಅಂಗಳದಲ್ಲಿ, ಅವರೆಲ್ಲರ ಎದುರು, ಇಲ್ಲಿ ಬರೆದದ್ದನ್ನು ನಾನು ಬಾಯಿಬಿಟ್ಟು ಹೇಳುತ್ತೇನೆ. ನೀವು ಬರುವುದು ಬಿಡುವುದು ನಿಮಗೆ ಸೇರಿದ್ದು. ಬಂದರೆ, ನಿಮ್ಮ ತಂದೆ ಕೈ ನೋಡುತ್ತಾ ಕೂತಿದ್ದ ಆ ದಿನಗಳ ಬಗ್ಗೆ ಏನೇ ಕೇಳಬೇಕೆನಿಸಿದರೂ ಅಲ್ಲೇ, ಎಲ್ಲರಿಗೂ ಕೇಳುವಂತೆ ಕೇಳಿ. ಆಮೇಲೆ ವಾದ್ಯವನ್ನು ನಿಮ್ಮ ಮನೆಯ ಜಗಲಿಗೆ ತಂದಿಡುತ್ತೇನೆ. ನೀವು ಮರ್ಯಾದೆಸ್ಥರು, ಅಭ್ಯಾಸಬಲದಿಂದ ಒಳಗೆ ಬನ್ನಿ ಎಂದುಬಿಡುತ್ತೀರಿ. ದಯವಿಟ್ಟು ಕರೆಯಬೇಡಿ.