ಲಾರಿ ಗಾಳಿ ತುಂಬಿದ ಫೋರ್ಕು

2023ರ ಬೇಸಿಗೆ. ಮಳವಳ್ಳಿಯಲ್ಲಿ ನನ್ನ ಸೈಕಲ್ ಅಂಗಡಿ ಆಗಲೇ ಹಳೆಯದಾಗಿತ್ತು. ಮೊದಲೆಲ್ಲ ಪಂಚರು, ಚೈನು, ಬ್ರೇಕಿನ ರಬ್ಬರು, ಇಷ್ಟೇ ಕೆಲಸ. ಆಮೇಲೆ ಸಂಬಳದವರು ಗೇರಿನ ಮೌಂಟನ್ ಬೈಕ್ ಕೊಂಡು ಭಾನುವಾರ ಶಿಂಷಾ ಕಡೆಯ ಗುಡ್ಡಗಳಿಗೆ ಹೋಗತೊಡಗಿದರು. ಅವರಿಗಾಗಿ ನಾನೂ ಸಸ್ಪೆನ್ಷನ್ ಫೋರ್ಕ್ ಬಿಚ್ಚಿ ಕಟ್ಟುವುದನ್ನು ಕಲಿತೆ.

ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕಾಲುಗಳೇ ಫೋರ್ಕ್. ಹಳ್ಳ ಸಿಕ್ಕಾಗ ಅದು ಕುಗ್ಗಿ ಏಟು ನುಂಗುತ್ತದೆ. ಹಲಗೂರಿನ ಹತ್ತಿರದ ಹಳ್ಳಿಯ ಮಹದೇವ, ಕರೆಂಟಿನ ಲೈನ್‌ಮನ್, ತನ್ನ ಸೈಕಲ್ ತಂದಾಗ ಅದರ ಸ್ಪ್ರಿಂಗ್ ಫೋರ್ಕ್ ಕಿರ್ರೆನ್ನುತ್ತಿತ್ತು. ಬಿಚ್ಚಿದೆ. ಒಳಗೆ ಎಣ್ಣೆಯ ಬದಲು ಕೆಸರು. ಸೀಲು ಬದಲಿಸಿ, ಸ್ಪಂಜಿನ ಉಂಗುರಗಳನ್ನು ಎಣ್ಣೆಯಲ್ಲಿ ನೆನೆಸಿ ಹಾಕಿದರೂ ಪ್ರಯೋಜನವಾಗಲಿಲ್ಲ. ಕೊಳವೆಯ ಹೊಳಪೇ ಸವೆದುಹೋಗಿತ್ತು. ಕೊನೆಗೆ ಏರ್ ಫೋರ್ಕ್ ಹಾಕಿಸಿಕೊಂಡ.

ಏರ್ ಫೋರ್ಕಿನಲ್ಲಿ ಸ್ಪ್ರಿಂಗ್ ಇರುವುದಿಲ್ಲ, ಎಡಗಾಲಿನೊಳಗಿನ ಗಾಳಿಯೇ ಸ್ಪ್ರಿಂಗ್. ಸವಾರನ ತೂಕ ನೋಡಿ, ಶಾಕ್ ಪಂಪ್ ಎಂಬ ಸಣ್ಣ ಕೈಪಂಪಿನಿಂದ ಅಳತೆಯಾಗಿ ತುಂಬಬೇಕು. ಅವನು ಕೂತಾಗ ಫೋರ್ಕ್ ಸ್ವಲ್ಪ ತಗ್ಗಬೇಕು. ಅದಕ್ಕೆ ಸ್ಯಾಗ್ ಎನ್ನುತ್ತೇವೆ. ಕಾಲಿನ ನೆತ್ತಿಯ ಮೇಲಿರುವ ಕ್ಯಾಪನ್ನು ಮಾತ್ರ, ವಾಲ್ವ್ ಒತ್ತಿ ಗಾಳಿಯನ್ನೆಲ್ಲ ಬಿಡದೆ ಯಾರೂ ತಿರುಗಿಸಬಾರದು. ತಿರುಗಿಸಿದರೆ ಅದು ಗುಂಡಿನ ಹಾಗೆ ಹಾರುತ್ತದೆ. ಇದನ್ನೆಲ್ಲ ಮಹದೇವನಿಗೆ ಕೂರಿಸಿ ಹೇಳಿದೆ. ಅವನೂ ತಲೆಯಾಡಿಸಿ, ಗುಂಡಿ ಬಿದ್ದ ರಸ್ತೆಯಲ್ಲೇ ಒಂದು ಸುತ್ತು ಹೋಗಿಬಂದು, "ಹಾಸ್ಗೆ ಮ್ಯಾಲೆ ಹೋದಂಗಾಯ್ತದೆ ಕಣಣ್ಣ" ಅಂದ.

ಕೆಲವು ವಾರಗಳ ಮೇಲೆ ಒಂದು ಸೋಮವಾರ, ಹೆಂಡತಿ ರತ್ನ ತಂದ ರಾಗಿರೊಟ್ಟಿ ಬಿಚ್ಚಿಕೊಂಡು ಕೂತಿದ್ದೆ. ಟೆಂಪೊ ಬಂದು ನಿಂತಿತು. ಮಹದೇವನ ಅಣ್ಣ ಸಿದ್ದರಾಜು ಇಳಿದ. ಕಬ್ಬಿನ ಗದ್ದೆಗಳಲ್ಲಿ ಟ್ರಾಕ್ಟರ್ ಓಡಿಸುವ ಆಳು, ಬಾಗಿಲು ತುಂಬುವ ಮೈ. ತಮ್ಮನ ಸೈಕಲನ್ನು ತಲೆಯೆತ್ತರಕ್ಕೆ ಎತ್ತಿ ಅಂಗಡಿಯೊಳಗೆ ಎಸೆದ. ಗಾಜಿನ ಕಪಾಟು ಪುಡಿಯಾಯಿತು. ನಾನು ಏಳುವಷ್ಟರಲ್ಲಿ ಮೊದಲ ಏಟು ಕಿವಿಯ ಮೇಲೆ ಬಿತ್ತು. ಎರಡನೆಯದಕ್ಕೆ ಮೂಗಿನಿಂದ ರಕ್ತ ಇಳಿಯಿತು.

"ನನ್ ತಮ್ಮನ್ ದವ್ಡೆ ಎಲ್ಡು ಚೂರು ಮಾಡ್ಬುಟ್ಟಲ್ಲೋ ಸಿವಣ್ಣ! ಮಂಡ್ಯ ಆಸ್ಪತ್ರೇಲಿ ಬಾಯಿಗೆ ತಂತಿ ಬಿಗ್ದು ಮಲಗ್ಸವ್ರೆ!"

ಹಿಂದಿನ ದಿನ ಗುಡ್ಡ ಇಳಿಯುವಾಗ ಮುಂದಿನ ಚಕ್ರ ಕಲ್ಲಿಗೆ ಹೊಡೆದು, ಮಹದೇವ ಹ್ಯಾಂಡಲ್ ಮೇಲಿಂದ ಹಾರಿ ಬಂಡೆಗೆ ಮುಖ ಕೊಟ್ಟು ಬಿದ್ದಿದ್ದ. ಸಿದ್ದರಾಜು ಇದನ್ನು ಹೇಳಿದ್ದು ನನ್ನ ಕತ್ತಿನ ಪಟ್ಟಿ ಹಿಡಿದು ಗೋಡೆಗೆ ಗುದ್ದುತ್ತಾ. ರತ್ನ ಅವನ ತೋಳಿಗೆ ಜೋತುಬಿದ್ದು ಬೈಯುತ್ತಿದ್ದಳು, "ಬುಡೋ ನಿನ್ ಕೈ ಸೇದೋಗ! ಮನ್ಸ ಏನೋ ನೀನು?" ಅವಳನ್ನು ಕೊಡವಿ, ನೆಲದಲ್ಲಿದ್ದ ದೊಡ್ಡ ಸ್ಪಾನರ್ ಎತ್ತಿಕೊಂಡ. ನನ್ನ ತಲೆಗೇ ಅಂದುಕೊಂಡೆ. ಅವನು ಸೈಕಲ್ ಕಡೆ ತಿರುಗಿದ.

"ಏನ್ ಕಸ ತುಂಬಿದ್ದೀಯ ಇದ್ರೊಳ್ಗೆ? ಬಿಚ್ಚಿ ನೋಡೇ ಓಯ್ತೀನಿ."

ಸೈಕಲ್ ನಿಲ್ಲಿಸಿ ಮುಂದಿನ ಚಕ್ರವನ್ನು ತೊಡೆಗಳ ನಡುವೆ ಅವುಚಿದ. ಅವನ ಅಷ್ಟು ಭಾರ ಹ್ಯಾಂಡಲ್ ಮೇಲೆ ಬಿದ್ದರೂ ಫೋರ್ಕ್ ಒಂದು ಕೂದಲೆಳೆಯಷ್ಟೂ ತಗ್ಗಲಿಲ್ಲ. ನಾನು ತುಂಬಿದ ಗಾಳಿ ಅದಲ್ಲ. ಅವನು ಕ್ಯಾಪಿಗೆ ಸ್ಪಾನರ್ ಹಾಕಿ, ಗದ್ದವನ್ನು ಸರಿಯಾಗಿ ಅದರ ಮೇಲೆ ಬಾಗಿಸಿ ತಿರುಗಿಸತೊಡಗಿದ.

"ಬ್ಯಾಡ ಕಣ್ಲಾ! ಗಾಳಿ ತೆಗೀದೆ ಬಿಚ್ಬ್ಯಾಡ, ಮುಖ ಒಡ್ದೋಯ್ತದೆ!"

"ನನ್ನೇ ಎದ್ರುಸ್ತೀಯ? ಟ್ರಾಕ್ಟ್ರು ಎಂಜಿನ್ನೇ ಬಿಚ್ಚೋನ್ಗೆ ಈ ಸೈಕಲ್ಲು ಯಾವ್ ಲೆಕ್ಕ?"

ಕ್ಯಾಪಿನ ಅಂಚಿನಿಂದ ಸಣ್ಣಗೆ ಸುಯ್ ಎಂದು ಸದ್ದು ಬಂತು. ಥ್ರೆಡ್ ಮುಗಿಯುತ್ತಿದೆ ಎಂದು ಅರ್ಥ. ಜೀವಮಾನದಲ್ಲಿ ನಾನು ಯಾರ ಮೇಲೂ ಕೈ ಮಾಡಿದವನಲ್ಲ. ಓಡಿಹೋಗಿ ಇದ್ದ ಬಲವನ್ನೆಲ್ಲ ಹಾಕಿ ಅವನ ಕೆನ್ನೆಗೆ ಬಾರಿಸಿದೆ. ಅವನು ಪಕ್ಕಕ್ಕೆ ವಾಲಿದ. ಬೀಳುವಾಗ ಸ್ಪಾನರ್ ಹಿಡಿದ ಕೈ ಕೊನೆಯ ಸುತ್ತನ್ನೂ ಸುತ್ತಿಬಿಟ್ಟಿತು. ಢಮ್ಮೆಂದಿತು. ಕ್ಯಾಪು ಅವನ ಕಿವಿಯ ಪಕ್ಕದಲ್ಲೇ ಹಾದು, ತಗಡಿನ ಮಾಡು ತೂತು ಮಾಡಿಕೊಂಡು ಹೊರಗೆ ಹೋಯಿತು. ಮೂವರ ಮುಖದ ಮೇಲೂ ಎಣ್ಣೆ ಎರಚಿತ್ತು.

ನನಗೆ ಹೊಡೆಯಲು ಎದ್ದಿದ್ದ ಸಿದ್ದರಾಜು ಮಾಡು ನೋಡಿದ, ಗದ್ದ ಮುಟ್ಟಿಕೊಂಡ, ಅಲ್ಲೇ ಕೂತ.

"ಇದ್ಕೆ ಗಾಳಿ ಯಾರ್ ತುಂಬ್ದೋರು?" ಎಂದು ಕೇಳಿದೆ.

ಸ್ಪಾನರ್ ನೆಲಕ್ಕಿಟ್ಟು ಹೇಳಿದ, "ನಾನೇ. ಬೆಳಿಗ್ಗೆ ದನಕ್ಕೆ ಕಬ್ಬಿನ್ ಸೋಗೆ ತರಕ್ಕೆ ಇದ್ನೇ ತಕ್ಕಂಡೋಯ್ತಿದ್ದೆ. ಹ್ಯಾಂಡಲ್ ಮ್ಯಾಲೆ ಹೊರೆ ಮಡಗುದ್ರೆ ಮುಂದ್ಕೆ ಕುಂತ್ಕತಿತ್ತು. ಲಾರಿ ಪಂಚರ್ ಅಂಗ್ಡೀಲಿ ಕಲ್ಲಂಗೆ ತುಂಬ್ಸ್ದೆ. ಅವ್ನಿಗೆ ಈ ಇಸ್ಯ ಏಳ್ನಿಲ್ಲ."

ಕಲ್ಲಿನಂತಾದ ಫೋರ್ಕ್ ಏಟು ನುಂಗದೆ ಹಾಗೇ ತಮ್ಮನಿಗೆ ದಾಟಿಸಿತ್ತು. ಅದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ರತ್ನ ಒಂದು ಬಟ್ಟೆ ಒದ್ದೆ ಮಾಡಿ ನನ್ನ ಮೂಗಿಗೆ ಒತ್ತಿದಳು, ಇನ್ನೊಂದನ್ನು ಅವನ ಮುಖಕ್ಕೆ ಎಸೆದಳು. "ಒರೆಸ್ಕೊ. ಓಗಿ ತಮ್ಮನ್ಗೆ ಏಳು."

ಆ ವಾರದ ಕೊನೆಗೆ ಅವನೇ ಬಂದು ಕಪಾಟಿಗೆ ಗಾಜು ಕೂರಿಸಿಕೊಟ್ಟ. ಎರಡು ಕೆನ್ನೆಯೂ ಊದಿದ್ದವು.

"ಈ ಕಡೀದು ನಂದು. ಆ ಕಡೀದು?" ಎಂದೆ.

"ಅವಂದು. ಗಾಳಿ ತುಂಬ್ಸಿದ್ದು ನಾನೇ ಅಂತ ಏಳ್ದೆ. ಬಾಯಿಗೆ ತಂತಿ ಬಿಗ್ದವ್ರಲ್ಲ, ಬೈಯಕ್ಕಾಗ್ನಿಲ್ಲ. ಡ್ರಿಪ್ಪಿಲ್ದಿರೋ ಕೈಲಿ ಒಂದ್ ಬುಟ್ಟ. ಆಮೇಲೆ ಅದೇ ಕೈಲಿ ನನ್ ಕೈ ಹಿಡ್ಕಂಡು ಮಲಗ್ದ."

ಮಹದೇವನ ದವಡೆ ಕೂಡಿಕೊಂಡಿತು. ಸ್ವಲ್ಪ ಸೊಟ್ಟಗಿದೆ, ನಕ್ಕಾಗ ಕಾಣುತ್ತದೆ. ನಮ್ಮ ಕಡೆ ಸೈಕಲ್ ಕೊಳ್ಳುವವನು ಒಬ್ಬ, ತುಳಿಯುವುದು ಮನೆಮಂದಿಯೆಲ್ಲ. ಈ ಕಸುಬು ನನಗೆ ಕಲಿಸಿದ್ದು ಅದನ್ನೇ. ಈಗ ಏರ್ ಫೋರ್ಕ್ ಕೇಳಿಕೊಂಡು ಬಂದವರ ತೂಕ ಕೇಳುವುದು ಆಮೇಲೆ. "ಮನೇಲಿ ಇದನ್ನ ಇನ್ಯಾರು ತುಳೀತಾರೆ? ಅವರನ್ನೂ ಕರ್ಕೊಂಡು ಬನ್ನಿ" ಎನ್ನುತ್ತೇನೆ. ಒಬ್ಬರೇ ಬಂದರೆ ಸ್ಪಾನರ್ ಮುಟ್ಟುವುದಿಲ್ಲ.