ಹಿಂದಕ್ಕೆ ಚಾಚಿದ ಕೈ
ನಮ್ಮ ವಕೀಲರ ಗುಮಾಸ್ತೆಗೆ ಆಫೀಸಿನವರೆಲ್ಲ ಇಟ್ಟ ಹೆಸರು ಫೈಲಕ್ಕ. ಮುನ್ನೂರು ಕೇಸುಗಳ ವಾಯಿದೆ ದಿನಗಳೆಲ್ಲ ಅವಳ ನಾಲಿಗೆ ತುದಿಯಲ್ಲಿ. ಯಾರಾದರೂ ಕಾಗದದ ಕಟ್ಟು ಬಿಚ್ಚಿ ಹಾಗೇ ಬಿಟ್ಟರೆ, "ನಿಮ್ಮನೆ ಬಾಗಿಲನ್ನೂ ಹೀಗೇ ತೆಗೆದಿಟ್ಟು ಬರ್ತೀರಾ?" ಎಂದು ದಬಾಯಿಸುತ್ತಾಳೆ. ಕೋರ್ಟಿನಲ್ಲಿ ವಕೀಲರು ವಾದ ನಿಲ್ಲಿಸದೆ, ತಿರುಗಿಯೂ ನೋಡದೆ ಕೈಯನ್ನು ಹಿಂದಕ್ಕೆ ಚಾಚಿದರೆ ಸಾಕು, ಬೇಕಾದ ಕಾಗದ ಅದರಲ್ಲಿ ಬಂದು ಕೂರುತ್ತದೆ. ನ್ಯಾಯಾಧೀಶರೇ ಬರೆಯುವುದು ಬಿಟ್ಟು ಆ ಕೈಚಳಕ ನೋಡಿದ್ದುಂಟು. ಮೊನ್ನೆ ವಿಚ್ಛೇದನದ ಕೇಸೊಂದರಲ್ಲಿ, ಎದುರು ಕಡೆಯ ಹೆಂಗಸಿನ ಮಾನ ತೆಗೆದು ನಮ್ಮ ಕಕ್ಷಿದಾರನನ್ನು ಗೆಲ್ಲಿಸಬಹುದಾಗಿದ್ದ ಪತ್ರಕ್ಕಾಗಿ ವಕೀಲರ ಕೈ ಹಿಂದಕ್ಕೆ ಬಂತು. ಫೈಲಕ್ಕ ಇಟ್ಟದ್ದು ಒಂದು ಚೀಟಿ: "ಸಾರ್, ಆಯಮ್ಮನ ಮಗಳು ಕೊನೇ ಬೆಂಚಲ್ಲಿ ಕೂತಿದಾಳೆ." ವಕೀಲರು ಪತ್ರದ ಮಾತೆತ್ತಲಿಲ್ಲ. ಫೈಲಕ್ಕ ಅವರ ಬೆನ್ನ ಹಿಂದೆ ನಿಂತ ಹದಿನೆಂಟು ವರ್ಷದಲ್ಲಿ ಮೊದಲ ಸಲ ತಿರುಗಿ ನೋಡಿದರು.